ಐತೆ, ಬಿಟ್ಟೆ

“ಕಂಬಳಿ ಇನ್ನೊಂದು ಗೇಣು ಕೆಳಕ್ಕೆ ಎಳೀರಿ, ಕಾಲು ಕಾಣ್ತವೆ” ಎಂದರು ಬರಗೇರಮ್ಮ. ಎಳೆದರು. ಎದೆ ಕಂಡಿತು. “ಅಯ್ಯೋ, ಮೇಲಕ್ಕೆ ಎಳೀರೋ” ಎಂದರು. ಎಳೆದರು. ಮತ್ತೆ ಕಾಲು ಕಂಡವು.

ಹೋದವರು ಅವರ ತಮ್ಮ ಗುಡ್ಡಪ್ಪ. ಆರಡಿ ಮೂರು ಅಂಗುಲದ ಆಳು. ಬದುಕಿದ್ದ ಐವತ್ತಾರು ವರ್ಷವೂ ಯಾವ ಮಂಚಕ್ಕೂ ಸರಿಯಾಗಿ ಹೊಂದಿದವರಲ್ಲ, ಬಾಗೂರಿನ ಈ ಮನೆಗೆ ಬಂದಾಗಲೆಲ್ಲ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಳ್ಳದೆ ಒಳಗೆ ಹೋದದ್ದೇ ಇಲ್ಲ. ಈಗ ಅಂಗಳದ ಚಪ್ಪರದ ಕೆಳಗೆ ಬೆಂಚಿನ ಮೇಲೆ ಮಲಗಿದ್ದರು. ಬೆಂಚೂ ಗಿಡ್ಡ, ಕಂಬಳಿಯೂ ಗಿಡ್ಡ. ಕುರುಬರ ಮನೆಯಲ್ಲಿ ಹೆಣಕ್ಕೆ ಕಂಬಳಿ ಸಾಲದೆ ಬಂತಲ್ಲ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಜಯಶೀಲಾ ಚಪ್ಪರದ ಗೂಟ ಹಿಡಿದು ನಿಂತಿದ್ದಳು. ಚಿತ್ರದುರ್ಗದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬಿಸಿಲಿಗೆ ಅಂಗಳವೆಲ್ಲ ನೀರಿನೊಳಗಿನಿಂದ ನೋಡಿದ ಹಾಗೆ ತೂಗುತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ನಿದ್ದೆಗಣ್ಣಲ್ಲಿ ತಿರುಗುತ್ತಿದ್ದವು. ಅವಳ ತಲೆಯೊಳಗೆ ಯಾರೋ ಒಂದೇ ಸಮನೆ ಲೆಕ್ಕ ಒಪ್ಪಿಸುತ್ತಿದ್ದರು. ಎಣ್ಣೆ ದೀಪ: ಐತೆ, ಬಿಟ್ಟೆ. ಊದುಬತ್ತಿ: ಐತೆ, ಬಿಟ್ಟೆ. ಕಂಬಳಿ: ಇಲ್ಲ.

ಆ ದನಿ ಗುಡ್ಡಪ್ಪನವರದೇ. ಹತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು ಅವಳು. ದುರ್ಗದ ಕುರಿಗಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಇದ್ದದ್ದೇ ಇಬ್ಬರು. ಮೊನ್ನೆ ಮಧ್ಯಾಹ್ನ ಅವರು ಹೊಸದುರ್ಗದ ಶಾಖೆಯಲ್ಲಿ ಹೊಸ ಮೆಷೀನು ಕೂರಿಸಲು ಬಸ್ಸು ಹತ್ತಿದರು. ಹೊಳಲ್ಕೆರೆ ದಾಟಿದ ಮೇಲೆ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದರು. ಹೊಸದುರ್ಗದಲ್ಲಿ ಕಂಡಕ್ಟರು ಭುಜ ಮುಟ್ಟಿ ಎಬ್ಬಿಸಿದರೆ ಏಳಲಿಲ್ಲ. ಅಷ್ಟೇ ಸುದ್ದಿ.

“ನೀನೇನೇ ಯವ್ವಾ, ಆಫೀಸಿನಾಕಿ?” ಬರಗೇರಮ್ಮ ಅವಳ ಕೈ ಹಿಡಿದು ಎಳೆದರು. “ದೂರ ಯಾಕ್ ನಿಂತೀಯ? ಎತ್ತೋ ಹೊತ್ತು ಬಂತು. ಹೇಳೋದೇನರ ಇದ್ರೆ ಕಿವ್ಯಾಗೆ ಹೇಳಿಬಿಡು. ನಮ್ಮ ಮನ್ಯಾಗೆ ಹಂಗೇ. ಮಣ್ಣು ಬಿದ್ದಮ್ಯಾಲೆ ಕೇಳ್ಸಲ್ಲ.”

“ನೀವು ಹೇಳಿದ್ರಾ ಅಜ್ಜಿ?”

“ಹೂಂ ಮತ್ತೆ. ಸಣ್ಣೋರಿದ್ದಾಗ ಬೆಲ್ಲದ ಹರವಿ ಒಡೆದಿದ್ದು ನಾನು. ಬಾಸುಂಡೆ ಬರಂಗೆ ಒದೆ ತಿಂದಿದ್ದು ಇವ್ನು. ಬಾಯಿ ಬಿಡ್ಲಿಲ್ಲ ನೋಡು, ಭಂಡ! ಇವತ್ತು ಹೇಳ್ದೆ, ಹೊಟ್ಟೆಗೆ ಹಾಕ್ಕಳಪ್ಪ ಅಂತ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ನಗಾಡಿದರು, ಆಮೇಲೆ ಅತ್ತರು.

ಜಯಶೀಲಾ ಬಗ್ಗಿದಳು. ಹೇಳಬೇಕಾದದ್ದು ವರ್ಷದಿಂದ ನಾಲಿಗೆಯ ತುದಿಯಲ್ಲಿತ್ತು. ‘ಸರ್, ಆ ನಲವತ್ತು ಸೆಕೆಂಡು...’ ಅಷ್ಟರಲ್ಲಿ ಹಿಂದೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. “ಅಧ್ಯಕ್ಷರು ಬಂದ್ರು, ದಾರಿ ಬಿಡ್ರಿ” ಎಂದರು ಯಾರೋ. ಅವಳು ಮೇಲೆದ್ದಳು. ಮಾತು ಇದ್ದಲ್ಲೇ ಉಳಿಯಿತು.

*

ಹಿರಿಯೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ತೊಂಬತ್ತೆಂಟರಲ್ಲಿ ಅವಳು ಸಂಘಕ್ಕೆ ಸೇರಿದಾಗ ಗುಡ್ಡಪ್ಪನವರಿಗೆ ನಲವತ್ತಾರು. ಟೈಪಿಸ್ಟ್ ಆಗಿ ಬಂದವರು, ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಾಗ ಅದನ್ನೂ ಕಲಿತುಕೊಂಡವರು. ಕಲಿಸಿದವರು ಯಾರೂ ಇಲ್ಲ. ಒಂದು ದಪ್ಪ ಪುಸ್ತಕ, ಒಂದು ಎಲೆಅಡಿಕೆ ಸಂಚಿ, ಬೇಕಾದಷ್ಟು ಹಟ.

ಜಿಲ್ಲೆಯ ಕುರಿಹಿಂಡುಗಳ ದಾಖಲೆ ಇಡುವುದು ಸಂಘದ ಕೆಲಸ. ಯಾರ ಹಿಂಡಿಗೆ ಯಾವ ರೋಗದ ಸೂಜಿ ಎಂದು ಹಾಕಿದೆ, ಮುಂದಿನದು ಎಂದು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆ ಒಂದೊಂದು ಸರ್ವರ್, ಒಂದೊಂದರಲ್ಲಿ ಆ ಸೀಮೆಯ ದಾಖಲೆಯೆಲ್ಲ. ನಾಲ್ಕನ್ನೂ ಗುಡ್ಡಪ್ಪನವರೇ ಕೂರಿಸಿದ್ದು. ಒಂದೇ ಕೈ ಕೂರಿಸಿದರೂ ನಾಲ್ಕೂ ನಾಲ್ಕು ಥರ ಆಗಿ ಕೂತಿದ್ದವು. ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ಮರೆತಿರುತ್ತಿತ್ತು. ಕೊನೆಗೆ ಅವರು ತಲೆ ಚಚ್ಚಿಕೊಂಡು ಒಂದು ಫೈಲು ಬರೆಯತೊಡಗಿದರು. ಹೆಸರು ‘ಕ್ರಮ’, ಒಂದೊಂದು ಶಾಖೆಗೂ ಅದರ ಒಂದೊಂದು ಪ್ರತಿ. ಬರೀ ಖಾಲಿ ಮೆಷೀನಿಗೆ ಆ ಫೈಲನ್ನು ಕೊಟ್ಟರೆ ಸಾಕು, ಅದೇ ಒಂದೊಂದಾಗಿ ಎಲ್ಲ ಜೋಡಿಸಿಕೊಂಡು ಸರ್ವರ್ ಆಗಿ ಎದ್ದು ಕೂರಬೇಕು.

“ಮಾಡು ಅಂತ ಬರೀಬಾರ್ದವ್ವ” ಎಂದು ಅವಳಿಗೆ ಮೊದಲ ವಾರವೇ ಹೇಳಿದ್ದರು. “ಐತೇನು ನೋಡು ಅಂತ ಬರೀಬೇಕು. ಇದ್ರೆ ಬಿಡು. ಇಲ್ದಿದ್ರೆ ಮಾಡು. ಆಗ ಅದನ್ನ ಹತ್ತು ಸಲ ಓಡ್ಸಿದ್ರೂ ಏನೂ ಕೆಡಲ್ಲ.”

ಮೆಷೀನಿಗೆ ಕನ್ನಡ ಅಕ್ಷರ ಬಾರದು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರು. ಪ್ರತಿ ಹೆಜ್ಜೆಗೂ ಒಂದು ಸಾಲು ತೆರೆಯ ಮೇಲೆ ಬರುತ್ತಿತ್ತು: ಕೆಲಸದ ಹೆಸರು, ಆ ಹೆಜ್ಜೆಯನ್ನು ಬರೆದವರ ಹೆಸರು, ಕೊನೆಗೆ ‘ಇಲ್ಲ, ಮಾಡಿದೆ’ ಅಥವಾ ‘ಐತೆ, ಬಿಟ್ಟೆ’.

ಅವಳು ನಕ್ಕುಬಿಟ್ಟಿದ್ದಳು. “ಓಕೆ ಅಂತ ಹಾಕಿದ್ರೆ ಸಾಕಲ್ವಾ ಸರ್?”

“ಓಕೆ ಅಂತ ಯಾರು ಬೇಕಾದ್ರೂ ಅಂತಾರೆ. ನೋಡಿದೆ, ಐತೆ, ಅದ್ಕೇ ಮುಟ್ಲಿಲ್ಲ ಅಂತ ಹೇಳೋರು ಬೇಕಲ್ಲ.”

ಇನ್ನೊಂದು ಕಟ್ಟುನಿಟ್ಟಿತ್ತು. ಸರ್ವರಿನಲ್ಲಿ ಯಾವುದನ್ನೂ ಕೈಯಿಂದ ತಿದ್ದಬಾರದು. ಏನೇ ಬದಲಾಯಿಸಬೇಕಿದ್ದರೂ ಮೊದಲು ‘ಕ್ರಮ’ದಲ್ಲಿ ಬರೆದು, ಹೆಸರು ಹಾಕಿ, ಆಮೇಲೆ ಓಡಿಸಬೇಕು. “ಕೈಯಿಂದ ಮಾಡಿದ್ದು ಕೈಗಷ್ಟೇ ಗೊತ್ತಿರ್ತೈತೆ” ಎನ್ನುತ್ತಿದ್ದರು. ಆ ಮಾತನ್ನು ಅವರು ಗದರಿ ಹೇಳಿದ್ದೇ ಇಲ್ಲ, ಎಲೆಗೆ ಸುಣ್ಣ ಸವರುತ್ತಾ ಹೇಳುತ್ತಿದ್ದರು.

*

ಅಧ್ಯಕ್ಷ ಗೊಲ್ಲಪ್ಪನವರ ಕಂಕುಳಲ್ಲಿ ಒಂದು ಕಂಬಳಿ ಇತ್ತು. ಹೊಸದು, ಮಡಿಕೆ ಬಿಚ್ಚಿರಲಿಲ್ಲ. ಹಾರ ಹಾಕಿ, ಕೈ ಮುಗಿದು, ಗುಡ್ಡಪ್ಪನವರ ಹೆಂಡತಿ ಏಕನಾಥಮ್ಮನ ಕಡೆ ತಿರುಗಿದರು.

“ಇವ್ರ ಅಳತೆಗೇ ನೇಯಿಸಿದ್ದು ತಾಯಿ. ಹೋದ ವರ್ಷ ಮಹಾಸಭೇಲಿ ಹೊದಿಸಿ ಸನ್ಮಾನ ಮಾಡ್ಬೇಕು ಅಂತಿತ್ತು. ಆ ಮಾಡದಕೆರೆ ಗಲಾಟೆ ಆಗಿ ಕೊಡಾಕಾಗ್ಲಿಲ್ಲ. ಬೀರುನಾಗೇ ಉಳೀತು. ಇವತ್ತು ತಂದೀನಿ.”

ಏಕನಾಥಮ್ಮ ತಲೆಯಾಡಿಸಿದರು. ಗಿಡ್ಡ ಕಂಬಳಿ ತೆಗೆದು ಇದನ್ನು ಹೊದಿಸಿದರು. ಎದೆ ಮುಚ್ಚಿತು, ಕಾಲೂ ಮುಚ್ಚಿತು, ಒಂದು ಗೇಣು ಮಿಕ್ಕಿತು. “ಈಗ ಸರಿಯಾತು ನೋಡ್ರಿ” ಎಂದು ಬರಗೇರಮ್ಮ ನಿಟ್ಟುಸಿರಿಟ್ಟರು. ಅಂಗಳಕ್ಕೆ ಅಂಗಳವೇ ಸಮಾಧಾನಗೊಂಡಂತೆ ಕಂಡಿತು. ಜಯಶೀಲಾ ಮಾತ್ರ ಮಿಕ್ಕ ಆ ಗೇಣನ್ನೇ ನೋಡುತ್ತಿದ್ದಳು. ಆ ಕಂಬಳಿ ಒಂದು ವರ್ಷ ಬೀರುವಿನಲ್ಲಿ ಬಿದ್ದಿದ್ದು ಅವಳಿಂದ.

*

ಮೂರು ವರ್ಷದ ಹಿಂದಿನ ಮಳೆಗಾಲ. ಗುಡ್ಡಪ್ಪನವರು ಹೊಳಲ್ಕೆರೆಗೆ ಹೋಗಿದ್ದರು. ಹೊಸದುರ್ಗದ ಸರ್ವರ್ ಬೆಳಿಗ್ಗೆ ಎದ್ದರೆ ದಾಖಲೆಗಳೆಲ್ಲ ಮಾಯ ಎಂದು ಫೋನು ಬಂತು. ಜಯಶೀಲಾ ಬಸ್ಸು ಹಿಡಿದು ಹೋದಳು. ಅರ್ಧ ದಿನ ತಡಕಾಡಿದ ಮೇಲೆ ಹೊಳೆಯಿತು. ದಾಖಲೆ ಇದ್ದದ್ದು ಎರಡನೇ ಡಿಸ್ಕಿನಲ್ಲಿ. ಕರೆಂಟು ಹೋಗಿ ಬಂದಾಗ ಆ ಡಿಸ್ಕು ಏಳುವುದು ತಡ. ಅದು ಏಳುವ ಮೊದಲೇ ಡೇಟಾಬೇಸು ಎದ್ದು, ತನ್ನ ಮನೆ ಕಾಣದೆ, ಪಕ್ಕದಲ್ಲಿ ಖಾಲಿ ಮನೆ ಹೂಡಿಬಿಡುತ್ತಿತ್ತು. ಅವಳು ಎರಡು ಸಾಲು ಬರೆದಳು: ನಲವತ್ತು ಸೆಕೆಂಡು ಕಾಯಿ, ಆಮೇಲೆ ಏಳು. ಕಾಯಿಲೆ ವಾಸಿಯಾಯಿತು.

ಬರೆದದ್ದು ‘ಕ್ರಮ’ದಲ್ಲಲ್ಲ, ನೇರ ಮೆಷೀನಿನಲ್ಲಿ, ಕೈಯಿಂದ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನಾಳೆ ಫೈಲಿಗೆ ಹಾಕಿದರಾಯಿತು ಎಂದುಕೊಂಡಳು. ನಾಳೆ ಬೇರೆ ಕೆಲಸ ಬಂತು. ವಾರ ಕಳೆದ ಮೇಲೆ ಹೇಳಲು ನಾಚಿಕೆ, ತಿಂಗಳು ಕಳೆದ ಮೇಲೆ ಭಯ, ಆಮೇಲೆ ಮರೆವು.

ಎರಡು ವರ್ಷಕ್ಕೆ ಆ ಮೆಷೀನು ಹಳತಾಯಿತು. ಗುಡ್ಡಪ್ಪನವರು ಹೊಸದು ತಂದು ‘ಕ್ರಮ’ ಓಡಿಸಿ ಕೂರಿಸಿದರು. ಫೈಲಿನಲ್ಲಿ ಇದ್ದದ್ದೆಲ್ಲ ಬಂತು. ಇಲ್ಲದ್ದು ಬರಲಿಲ್ಲ. ಆ ತಿಂಗಳೇ ಮಾಡದಕೆರೆಯಲ್ಲಿ ಸೂಜಿ ಕ್ಯಾಂಪು. ಕರೆಂಟು ಹೋಗಿ ಬಂದು, ಎರಡು ದಿನ ಬರೆದದ್ದೆಲ್ಲ ಖಾಲಿ ಮನೆಗೆ ಹೋಯಿತು. ಮೂರನೇ ದಿನ ಸರಿಯಾದ ಮನೆ ತೆರೆದುಕೊಂಡರೆ ಮಾಡದಕೆರೆಯ ಹಿಂಡುಗಳ ಹೆಸರೇ ಇಲ್ಲ! ಬಿಟ್ಟುಹೋಗಿವೆ ಎಂದು ಕ್ಯಾಂಪಿನವರು ಕುರಿಗಳನ್ನು ಮತ್ತೆ ಕರೆಸಿ, ಇಡೀ ದಿನ ಬಿಸಿಲಿನಲ್ಲಿ ನಿಲ್ಲಿಸಿ, ಎರಡನೇ ಸಲ ಸೂಜಿ ಹಾಕಿದರು. ಗಬ್ಬದ ಮೂರು ಕುರಿ ದಿನ ತುಂಬದೆ ಕಂದು ಹಾಕಿದವು. ಸೂಜಿಯಿಂದಲೋ, ಬಿಸಿಲಿನಿಂದಲೋ, ಯಾರಿಗೆ ಗೊತ್ತು? ಕುರಿಗಾರರು ಲಾರಿ ಮಾಡಿಕೊಂಡು ದುರ್ಗಕ್ಕೆ ಬಂದರು.

ಸಭೆ ಕರೆದರು. ಗೊಲ್ಲಪ್ಪನವರು ಮೇಜು ಗುದ್ದಿ ಕೇಳಿದರು, “ಯಾರ್ದಪ್ಪ ಇದು ತಪ್ಪು?”

ಜಯಶೀಲಾ ಬಾಗಿಲ ಬಳಿ ಹಾಜರಿ ಪುಸ್ತಕ ಅವುಚಿಕೊಂಡು ನಿಂತಿದ್ದಳು. ಕಣ್ಣನ್ನು ಆ ಪುಸ್ತಕದ ರಟ್ಟಿಗೆ ನೆಟ್ಟಳು. ಗುಡ್ಡಪ್ಪನವರು ಕುರ್ಚಿಯಿಂದ ಎದ್ದರು. ಎದ್ದರೆ ಫ್ಯಾನು ತಗಲುತ್ತದೇನೋ ಎನ್ನುವಷ್ಟು ಎತ್ತರ. ಕೈ ಮುಗಿದರು.

“ನನ್ನ ಫೈಲ್‌ನಾಗೆ ಇರ್ಲಿಲ್ಲ. ಇರ್ಬೇಕಿತ್ತು. ನಂದೇ ತಪ್ಪು.”

ಸನ್ಮಾನ ನಿಂತಿತು. ಮೆಮೊ ಬಂತು. ಆಮೇಲೆ ಹೊಸದುರ್ಗದ ಕೆಲಸವನ್ನು ಅವರೇ ಇಟ್ಟುಕೊಂಡರು. ಹಿರಿಯೂರು, ಹೊಳಲ್ಕೆರೆ ನೀನು ನೋಡಿಕೋ ಎಂದರು. ಹೊಸದುರ್ಗದ ಫೈಲನ್ನು ಅವಳು ಮತ್ತೆ ತೆರೆದು ನೋಡಲಿಲ್ಲ. ಆ ಹೆಸರು ಕಂಡರೆ ಸಾಕು, ಕಣ್ಣು ತಾನೇ ಪಕ್ಕಕ್ಕೆ ಸರಿಯುತ್ತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಬರುವಳು. ದಿನಾ ಅವರು ಒಂದು ಎಲೆ ಮಡಚಿ ಕೊಟ್ಟು, “ತಿಂಡಿ ಆತಾ?” ಎಂದು ಕೇಳುವರು.

*

ಹೊಲದ ಬದುವಿನ ಪಕ್ಕ ಗುಂಡಿ ತೋಡಿದ್ದರು. ಅಳತೆ ಗೊತ್ತಿದ್ದ ಊರಿನವರು, ಉದ್ದವಾಗಿಯೇ ತೋಡಿದ್ದರು. ಕಂಬಳಿ ಸಮೇತ ಇಳಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಜಯಶೀಲಾ ಬಗ್ಗಿ ಕೆಂಪು ಮಣ್ಣು ಹಿಡಿದಳು. ಮೂರೂ ಹಿಡಿ ಬಿದ್ದವು, ಹೇಳಬೇಕಾದ್ದು ಬೀಳಲಿಲ್ಲ. ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಾದ ಕ್ಷಣಕ್ಕೆ ಅಳು ಒಡೆದುಕೊಂಡು ಬಂತು. ಯಾರದೋ ಮನೆಯ ಮಗಳಿರಬೇಕು ಎಂದು ಪಕ್ಕದವರು ಬೆನ್ನು ಸವರಿದರು.

ಮರಳಿ ಬರುವಾಗ ಏಕನಾಥಮ್ಮ ಅವಳ ಭುಜಕ್ಕೆ ಆತುಕೊಂಡು ನಡೆದರು. ತಮಗೇ ಹೇಳಿಕೊಂಡಂತೆ ಮಾತಾಡುತ್ತಿದ್ದರು.

“ಮನ್ಯಾಗೂ ಹಂಗೇ ಕಣವ್ವ. ಎದ್ದ ತಕ್ಷಣ ಹಂಡೇವು ಬಗ್ಗಿ ನೋಡದು. ನೀರು ಇದ್ರೆ ಬಿಡದು, ಇಲ್ದಿದ್ರೆ ತುಂಬ್ಸದು. ಉಪ್ಪಿನ ಡಬ್ಬಿ ತುಂಬೈತೆ ಕಣ್ರೀ ಅಂದ್ರೂ ಮುಚ್ಚಳ ತೆಗ್ದು ನೋಡೋರು. ನಾನೇನು ಸುಳ್ಳು ಹೇಳ್ತೀನಾ ಅಂತ ರೇಗ್ತಿದ್ದೆ. ನಾಳೆ ಬೆಳಿಗ್ಗೆ ಯಾರವ್ವ ನೋಡ್ತಾರೆ?”

“ಅಮ್ಮಾ, ಆ ಮಾಡದಕೆರೆ ವಿಷ್ಯದಲ್ಲಿ ಸರ್‌ದು ತಪ್ಪಿರ್ಲಿಲ್ಲ...”

“ಬಿಡವ್ವ, ಇವತ್ತು ಅದೆಲ್ಲ ಯಾಕೆ” ಎಂದರು ಏಕನಾಥಮ್ಮ. ಸೊಂಟದಿಂದ ಒಂದು ಹಳೇ ಎಲೆಅಡಿಕೆ ಸಂಚಿ ಬಿಚ್ಚಿ ಕೊಟ್ಟರು. “ಬಸ್ಸಿನಾಗೆ ಇವ್ರ ಜೇಬಿನಾಗೆ ಇತ್ತು. ಅದ್ರೊಳಗೆ ನಿಮ್ಮ ಆಫೀಸಿಂದು ಏನೋ ಐತೆ ನೋಡು.”

ಒಣಗಿದ ಎರಡು ಎಲೆ, ಸುಣ್ಣದ ಡಬ್ಬಿ, ನಡುವೆ ಒಂದು ಪೆನ್‌ಡ್ರೈವ್. ‘ಕ್ರಮ’ವನ್ನೂ ದಾಖಲೆಗಳ ಪ್ರತಿಯನ್ನೂ ಅವರು ಅದರಲ್ಲೇ ಒಯ್ಯುತ್ತಿದ್ದರು.

ಹಿಂದೆ ಕಿರಣ್‌ಕುಮಾರ್ ಕೆಮ್ಮಿದ. ಹೊಸದುರ್ಗ ಶಾಖೆಯ ಮ್ಯಾನೇಜರ್ ಅವನು. “ಮೇಡಂ, ಕೇಳೋ ಹೊತ್ತಲ್ಲ, ಬೈಕಬ್ಯಾಡ್ರಿ. ಸಿಡಿಲಿಗೆ ಸುಟ್ಟೋದ ಮೆಷೀನ್ ಬದ್ಲಿಗೆ ಹೊಸದು ಬಂದು ಕುಂತೈತೆ. ನಾಳೆ ಬೆಳಿಗ್ಗೆ ಮತ್ತೆ ಮಾಡದಕೆರೆ ಕ್ಯಾಂಪು. ಪಟ್ಟಿ ಇಲ್ದೆ ಹೋದ್ರೆ ಆ ಜನ ನನ್ನ ಬಿಡಲ್ಲ.”

ಅವಳು ಸಂಚಿಯ ದಾರ ಬಿಗಿದಳು. “ಹೋಗಾಣ ನಡೀರಿ.”

*

ಹೊಸದುರ್ಗ ಶಾಖೆಯ ಹಿತ್ತಲ ನಲ್ಲಿಯಲ್ಲಿ ತಲೆಗೆ ಎರಡು ಚೊಂಬು ನೀರು ಸುರಿದುಕೊಂಡು ಒಳಗೆ ಬಂದಳು. ಮಣ್ಣಿಗೆ ಹೋಗಿ ಬಂದವಳು. ಹಾಗೇ ಒಳಗೆ ಬರಬಾರದು. ಸಂಜೆಯ ಹಳದಿ ಬಿಸಿಲು ಕಿಟಕಿಯಿಂದ ಬಂದು ಖಾಲಿ ಮೆಷೀನಿನ ಮೇಲೆ ಬಿದ್ದಿತ್ತು. ಕೂದಲಿನ ನೀರು ಹನಿಯುತ್ತಲೇ ಪೆನ್‌ಡ್ರೈವ್ ಚುಚ್ಚಿದಳು. ಸುಣ್ಣದ ವಾಸನೆ ಬಂತು. ‘ಕ್ರಮ’ವನ್ನು ಓಡಿಸಿದಳು.

ಸಾಲುಗಳು ಏರತೊಡಗಿದವು. ಡಿಸ್ಕು ಎರಡು, ಗುಡ್ಡಪ್ಪ, ಇಲ್ಲ, ಮಾಡಿದೆ. ಡೇಟಾಬೇಸು, ಗುಡ್ಡಪ್ಪ, ಇಲ್ಲ, ಮಾಡಿದೆ. ಹಿಂಡಿನ ಪಟ್ಟಿ, ಜಯಶೀಲಾ, ಇಲ್ಲ, ಮಾಡಿದೆ. ಅವರು ಪಕ್ಕದಲ್ಲೇ ಕೂತು ತೂಕಡಿಸುತ್ತಾ ಓದುತ್ತಿದ್ದಾರೆ ಎನಿಸಿತು. ಆ ಎರಡು ಸಾಲನ್ನು ಈಗ ಹೇಗಾದರೂ ಸೇರಿಸಲೇಬೇಕು, ಎಲ್ಲಿ ಸೇರಿಸಲಿ ಎಂದು ನೋಡುತ್ತಿರುವಾಗಲೇ ತೆರೆ ನಿಂತುಬಿಟ್ಟಿತು.

“ಕೆಟ್ಟೋಯ್ತಾ ಮೇಡಂ?” ಕಿರಣ್‌ಕುಮಾರ್ ಕೀಲಿಮಣೆಗೆ ಕೈ ಹಾಕಲು ಬಂದ.

“ಮುಟ್ಟಬೇಡಿ.”

ಅವಳು ಮನಸ್ಸಿನಲ್ಲೇ ಎಣಿಸಿದಳು. ಹತ್ತು. ಇಪ್ಪತ್ತು. ಮೂವತ್ತು. ಸರಿಯಾಗಿ ನಲವತ್ತಕ್ಕೆ ಸಾಲು ಬಂತು:

ನಲವತ್ತು ಸೆಕೆಂಡು ಕಾಯುವುದು, ಬರೆದವರು ______, ಇಲ್ಲ, ಮಾಡಿದೆ.

ಹೆಸರಿನ ಜಾಗ ಖಾಲಿ. ಹತ್ತು ವರ್ಷದಲ್ಲಿ ಹೆಸರಿಲ್ಲದ ಸಾಲನ್ನು ಅವಳು ಆ ಫೈಲಿನಲ್ಲಿ ಕಂಡಿರಲಿಲ್ಲ. ಫೈಲು ತೆರೆದಳು. ಅವಳ ಅದೇ ಎರಡು ಸಾಲು, ಒಂದಕ್ಷರ ಬದಲಿಸದೆ. ಮೇಲೆ ತಾರೀಖು. ಸಭೆ ನಡೆದ ದಿನದ್ದಲ್ಲ, ಅದರ ಹಿಂದಿನ ದಿನದ್ದು. ಕೆಳಗೆ ಅವರ ಇಂಗ್ಲಿಷ್ ಅಕ್ಷರದ ಕನ್ನಡ:

‘ಹಳೇ ಮೆಷೀನು ಬಿಚ್ಚಿ ನೋಡಿದೆ. ಎರಡು ಸಾಲು ಸಿಕ್ಕವು. ಸರಿಯಾಗೇ ಬರೆದಾಳೆ. ನನಗೆ ಇದು ಹೊಳೆದಿರಲಿಲ್ಲ. ಹೆಸರು ಅವಳೇ ಹಾಕಲಿ. ಕೇಳಬಾರದು.’

ಗೊತ್ತಿತ್ತು. ಎದ್ದು ನಿಂತು ಕೈ ಮುಗಿದಾಗಲೂ ಗೊತ್ತಿತ್ತು. ಆಮೇಲೆ ಎಲೆ ಮಡಚಿ ಕೊಟ್ಟು ತಿಂಡಿ ಆಯಿತೇ ಎಂದು ಕೇಳಿದ ಅಷ್ಟೂ ಬೆಳಗು ಗೊತ್ತಿತ್ತು. ಅಯ್ಯೋ ಸರ್, ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು! ಅವಳು ಒದ್ದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಿರಣ್‌ಕುಮಾರ್ ಏನು ಮಾಡಬೇಕೋ ತೋಚದೆ ಫ್ಯಾನು ಹಾಕಿದ.

ಹೊತ್ತು ಹೋದ ಮೇಲೆ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಾಗೂರಿನ ಕೆಂಪು ಮಣ್ಣು ಹಾಗೇ ಉಳಿದಿತ್ತು. ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಳು.

ಹೆಗಲ ಮೇಲಿಂದ ಇಣುಕಿದ ಕಿರಣ್‌ಕುಮಾರನ ಹುಬ್ಬು ಗಂಟಾಯಿತು. “ಮೇಡಂ, ಹೋದ ವರ್ಷ ಮಾಡದಕೆರೇಲಿ ಎಡವಟ್ಟಾಗಿದ್ದು ಇದು ಇಲ್ದೇ ಅಲ್ವಾ? ಇದನ್ನ ಮೊದ್ಲು ಕಂಡುಹಿಡ್ದಿದ್ದು ನೀವಾ?”

“ಹೂಂ. ಕಂಡುಹಿಡಿದಿದ್ದೂ ನಾನೇ. ಬರೀದೆ ಮುಚ್ಚಿಟ್ಟಿದ್ದೂ ನಾನೇ. ಸರ್‌ದು ಏನೂ ತಪ್ಪಿರ್ಲಿಲ್ಲ.”

ಅವನು ಅವಳ ಮುಖ ನೋಡಿದ, ಮೆಷೀನು ನೋಡಿದ. “ಇದ್ರ ಪ್ರಿಂಟು ನಾಳೆ ಅಧ್ಯಕ್ಷರ ಮೇಜಿಗೆ ಹೋಗ್ತೈತೆ” ಎಂದ, ಮೆಲ್ಲಗೆ, ಎಚ್ಚರಿಸುವವನಂತೆ.

“ಹೋಗ್ಲಿ. ಪ್ರಿಂಟರ್ ಹಾಕಿ.”

ಕೂರಿಸಿದ ಮೇಲೆ ಎರಡನೇ ಸಲ ಓಡಿಸಿ ನೋಡುವುದು ಗುಡ್ಡಪ್ಪನವರ ಪದ್ಧತಿ. ಅವಳು ಓಡಿಸಿದಳು. ಹಳೇ ಪ್ರಿಂಟರು ಕಿರ್ರೆಂದು ಆಚೆಗೂ ಈಚೆಗೂ ಹರಿದಾಡುತ್ತಾ ಒಂದೊಂದೇ ಸಾಲು ಒತ್ತತೊಡಗಿತು. ಡಿಸ್ಕು ಎರಡು, ಗುಡ್ಡಪ್ಪ, ಐತೆ, ಬಿಟ್ಟೆ. ಡೇಟಾಬೇಸು, ಗುಡ್ಡಪ್ಪ, ಐತೆ, ಬಿಟ್ಟೆ. ಕಿಟಕಿಯ ಬಿಸಿಲು ಕೆಂಪಾಗಿ ಕಾಗದದ ಮೇಲೆ ಬಂದು ಕೂತಿತ್ತು. ಕೊನೆಗೆ ಆ ಸಾಲು ಹೊರಬಂತು, ಮಸಿ ಇನ್ನೂ ಹಸಿ:

ನಲವತ್ತು ಸೆಕೆಂಡು ಕಾಯುವುದು, ಬರೆದವರು ಜಯಶೀಲಾ, ಐತೆ, ಬಿಟ್ಟೆ.